ಮೂರು ಗಂಟೆಯ ಕಾರುಣ್ಯ

ನಮ್ಮ ಬಾಪ್ಪುವಿಗೆ, ಅಂದರೆ ಚಿಕ್ಕಪ್ಪನಿಗೆ, ಮಧ್ಯಾಹ್ನ ಮೂರು ಗಂಟೆಗೆ ಫೋನ್ ಮಾಡಬಾರದು. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಹೊತ್ತದು, ಕಥೋಲಿಕರು ದೈವಿಕ ಕರುಣೆಯ ಪ್ರಾರ್ಥನೆ ಹೇಳುವ ಹೊತ್ತು. ತಿರುವನಂತಪುರದ ಗೋರ್ಕಿ ಭವನದಲ್ಲಿ ಕೇರಳ ಲಾಟರಿಯ ಡ್ರಾ ನಡೆಯುವುದೂ ಅದೇ ಹೊತ್ತಿಗೆ. ಶನಿವಾರದ ಲಾಟರಿಯ ಹೆಸರು ‘ಕಾರುಣ್ಯ’. ಬಾಪ್ಪುವಿನ ಬಲಗೈಯಲ್ಲಿ ಜಪಮಾಲೆ, ಎಡಗೈಯಲ್ಲಿ ಮೊಬೈಲು. ಯಾರ ಕರುಣೆಗೆ ಕಾಯ್ತಾ ಇದ್ದೀರಿ ಅಂತ ಕೇಳಿದೆ. “ಯಾವುದು ಮೊದಲು ಬರ್ತದೋ ಅದು, ಪುತಾ” ಅಂದರು.

ಈಗ ಓಣಂ ಬಂಪರ್ ಸೀಸನ್ನು. ಟಿಕೆಟಿಗೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ. ನಮ್ಮ ಘನ ಕರ್ನಾಟಕ ಸರ್ಕಾರ ಜನರ ಮನೆ ಹಾಳಾಗಬಾರದೆಂದು 2007ರಲ್ಲೇ ಲಾಟರಿ ನಿಷೇಧಿಸಿತು. ಆದ್ದರಿಂದ ಮಂಗಳೂರಿನವರ ಮನೆ ಈಗ ತಲಪಾಡಿಯಲ್ಲಿ ಕೇರಳದ ಗಡಿ ದಾಟಿದ ಮೇಲೆಯೇ ಹಾಳಾಗುತ್ತದೆ. 2024ರಲ್ಲಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಈ 25 ಕೋಟಿ ಹೊಡೆದಾಗ ನಾವು ನಿಷೇಧವನ್ನು ಮರೆತು, ಕನ್ನಡಿಗನೊಬ್ಬ ಒಲಿಂಪಿಕ್ ಪದಕ ತಂದಂತೆ ಕುಣಿದೆವು. ಕೈಗೆ ಬರುವುದೆಷ್ಟು ಎಂಬ ಲೆಕ್ಕ ಊರಿನ ಪ್ರತಿ ಕಟ್ಟೆಯಲ್ಲೂ ನಡೆಯಿತು. ಏಜೆಂಟರ ಕಮಿಷನ್ ಶೇ. 10 ಹೋಯಿತು, ಉಳಿದದ್ದರಲ್ಲಿ ತೆರಿಗೆ ಶೇ. 30 ಹೋಯಿತು, ಹದಿನೈದೂ ಮುಕ್ಕಾಲು ಕೋಟಿ. ಅದರ ಮೇಲೆ ಸರ್ಚಾರ್ಜು, ಸೆಸ್ಸು. “ಅಯ್ಯೋ, ಇಷ್ಟೇನಾ?” ಎಂದವರು ಚಹಾದ ದುಡ್ಡನ್ನು ಬರೆಸಿ ಎದ್ದು ಹೋದರು.

ಮೊನ್ನೆ ಭಾನುವಾರ ನಮ್ಮ ಫಾದರ್ ಇದೇ ವಿಷಯಕ್ಕೆ ಬಂದರು. ಲೂಕನ ಶುಭಸಂದೇಶದ ಬುದ್ಧಿಗೇಡಿ ಸಿರಿವಂತನ ಕಥೆ. ಹಳೇ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟವನಿಗೆ ಅದೇ ರಾತ್ರಿ ಸಾವಿನ ಕರೆ ಬರುತ್ತದೆ. ತಲಪಾಡಿಗೆ ಹೋಗುವವರು ಇದನ್ನು ನೆನಪಿಡಬೇಕು ಎಂದು ಹಿಂದಿನ ಬೆಂಚುಗಳ ಕಡೆ ನೋಡಿದರು. ಹಿಂದಿನ ಬೆಂಚಿನಲ್ಲಿ ನಾವೇ ಇದ್ದೆವು, ತಲೆ ತಗ್ಗಿಸಿದೆವು. ಆದರೆ ಒಂದು ಸಂಶಯ, ಫಾದರ್. ಆ ಸಿರಿವಂತ ಲಾಟರಿ ಕೊಂಡವನಲ್ಲವಲ್ಲ. ಸ್ವಂತ ಗದ್ದೆ, ಒಳ್ಳೆ ಬೆಳೆ, ದೂರದೃಷ್ಟಿಯ ಹೂಡಿಕೆ. ಇವತ್ತಾಗಿದ್ದರೆ ಮುಂದಿನ ಬೆಂಚಿನಲ್ಲಿ ಕೂತು ಆರ್ಥಿಕ ಸಮಿತಿಯ ಅಧ್ಯಕ್ಷನೇ ಆಗಿರುತ್ತಿದ್ದ.

ಪೂಜೆ ಮುಗಿದ ಮೇಲೆ ಪ್ರಕಟಣೆ. ಸಭಾಭವನದ ಮಾಡು ಸೋರುತ್ತಿದೆ, ಪ್ರತಿ ಮನೆಗೂ ಇಪ್ಪತ್ತು ಟಿಕೆಟಿನ ಒಂದು ರಾಫಲ್ ಪುಸ್ತಕ, ಮೊದಲ ಬಹುಮಾನ ಸ್ಕೂಟರ್. ಇದು ಲಾಟರಿಯಲ್ಲ, ‘ಸಹಾಯಾರ್ಥ’. ಮಾರದೆ ಉಳಿದದ್ದನ್ನು ನೀವೇ ಪ್ರೀತಿಯಿಂದ ಇಟ್ಟುಕೊಳ್ಳಿ. ಕಳೆದ ಸಲ ಫ್ರಿಜ್ ಬಂದದ್ದು ಕುವೈತಿನಲ್ಲಿರುವ ಒಬ್ಬರಿಗೆ, ಅವರ ಊರಿನ ಮನೆಯಲ್ಲಿ ಆಗಲೇ ಎರಡಿತ್ತು.

ಧರ್ಮಶಾಸ್ತ್ರ ಸುಮ್ಮನೆ ಕೂತಿಲ್ಲ. ಕಥೋಲಿಕ ಧರ್ಮೋಪದೇಶದ 2413ನೇ ಅಂಶದ ಪ್ರಕಾರ ಅದೃಷ್ಟದಾಟ ತನ್ನಷ್ಟಕ್ಕೆ ನ್ಯಾಯವಿರೋಧಿಯಲ್ಲ, ಹೊಟ್ಟೆಬಟ್ಟೆಗೆ ಬೇಕಾದದ್ದನ್ನೇ ಕಿತ್ತುಕೊಂಡರೆ ತಪ್ಪು. ಬೈಬಲಿನಲ್ಲೂ ಡ್ರಾ ಇದೆ. ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿ. ಶಿಲುಬೆಯ ಕೆಳಗೆ ಸೈನಿಕರು ಯೇಸುವಿನ ಹೊಲಿಗೆಯಿಲ್ಲದ ಅಂಗಿಗೂ ಚೀಟಿ ಹಾಕಿದರು. ಎರಡರಲ್ಲೂ ಏಜೆಂಟರ ಕಮಿಷನ್ ಇರಲಿಲ್ಲ. ಅಂಗಿ ಗೆದ್ದವನು ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳಿದನೋ, ಅವಳು ಅದನ್ನು ಒಗೆದು ಒಣಗಿಸಿದಳೋ ಎಂದು ನಾನು ಪ್ರತಿ ಶುಭ ಶುಕ್ರವಾರ ಯೋಚಿಸುತ್ತೇನೆ. ಪ್ರಾರ್ಥನೆಯಲ್ಲಿ ಗಮನವಿಲ್ಲ ಎಂದು ಹೆಂಡತಿ ಮೊಣಕೈಯಲ್ಲಿ ತಿವಿಯುತ್ತಾಳೆ.

2022ರಲ್ಲಿ ಇದೇ ಬಂಪರ್ ಗೆದ್ದವರು ಕೆಲವೇ ದಿನಗಳಲ್ಲಿ, ಇದು ಬರದಿದ್ದರೇ ಚೆನ್ನಾಗಿತ್ತು ಎಂದು ಪತ್ರಕರ್ತರ ಮುಂದೆ ಅಲವತ್ತುಕೊಂಡರು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅದು ಇವತ್ತಿಗೂ ಸುತ್ತುತ್ತದೆ, ‘ಹಣದಿಂದ ನೆಮ್ಮದಿಯಿಲ್ಲ’ ಎಂಬ ತಲೆಬರಹ, ಕೆಳಗೆ ಮುಗಿದ ಕೈಗಳು. ಆ ಮನುಷ್ಯನ ನೆಮ್ಮದಿ ಕೆಡಿಸಿದ್ದು ಹಣವೇ? ಸಾಲ ಕೇಳಿಕೊಂಡು ಹೊತ್ತುಹೊತ್ತಿಗೂ ಬಾಗಿಲಿಗೆ ಬಂದ ಜನ. ಅಂದರೆ ನಾವು.

ತಲಪಾಡಿಯಾಚೆಯ ಅಂಗಡಿಯೊಂದರ ಮುಂದೆ ಒಬ್ಬ ನಿಂತಿದ್ದ. ಉಗುರಿನ ಸಂದಿಯಲ್ಲಿ ಒಣಗಿದ ಸಿಮೆಂಟು. ಹಿಂದಿನ ದಿನದ ಫಲಿತಾಂಶದ ಹಾಳೆಯ ಮೇಲೆ ಬೆರಳಿಟ್ಟು ಕೊನೆಯ ನಾಲ್ಕಂಕಿ ಹುಡುಕುತ್ತಿದ್ದ. ಸಿಗಲಿಲ್ಲ. ಟಿಕೆಟ್ಟನ್ನು ಹರಿಯಲಿಲ್ಲ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಐವತ್ತು ರೂಪಾಯಿ ಕೊಟ್ಟು ಇನ್ನೊಂದು ತೆಗೆದುಕೊಂಡ. 2011ರಲ್ಲಿ ಕೆ. ಎಂ. ಮಾಣಿ ಹಣಕಾಸು ಮಂತ್ರಿಯಾಗಿದ್ದಾಗ ಕಾರುಣ್ಯ ಲಾಟರಿ ಶುರುಮಾಡಿದ್ದು ಬಡ ರೋಗಿಗಳ ಚಿಕಿತ್ಸೆಗೆಂದು. ಒಳ್ಳೆಯದೇ, ಎಷ್ಟೋ ಜನರ ಡಯಾಲಿಸಿಸ್ ನಡೆದಿದೆ. ಆದರೆ ಕೂಲಿಯವನ ಮೂತ್ರಪಿಂಡಕ್ಕೆ ಇನ್ನೊಬ್ಬ ಕೂಲಿಯವನ ಜೇಬಿನಿಂದಲೇ ಐವತ್ತೈವತ್ತು ಎತ್ತಿ, ಅದಕ್ಕೆ ಕಾರುಣ್ಯ ಎಂದು ಹೆಸರಿಡುವುದಕ್ಕೆ ನಾಚಿಕೆ ಬೇಡವೇ? ಅವನಿಗೆ ಸಂತೃಪ್ತಿಯ ಪ್ರಸಂಗ ಹೇಳಲು ನಾವಂತೂ ಸಾಲಾಗಿ ನಿಂತಿದ್ದೇವೆ. ಅನ್ನಬಟ್ಟೆ ಇದ್ದರೆ ಸಾಕು ಎಂದು ಪೌಲನು ತಿಮೊಥೇಯನಿಗೆ ಬರೆದ ಮಾತು ನಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇದೆ. ಅದೇ ಅಧ್ಯಾಯದಲ್ಲಿ ಒಂಬತ್ತು-ಹತ್ತು ವಚನ ಕೆಳಗೆ, ಧನಿಕರಿಗೆ ಹೇಳು, ಹಂಚಿಕೊಳ್ಳಲಿ ಎಂದೂ ಅವನೇ ಬರೆದಿದ್ದಾನೆ. ಅದನ್ನು ಅಚ್ಚು ಹಾಕಿಸಿದ ಕ್ಯಾಲೆಂಡರ್ ಕಂಡರೆ ದಯವಿಟ್ಟು ನನಗೊಂದು ತಂದುಕೊಡಿ. ಬೇಜಾರಾಗಿದೆ.

ಸೆಪ್ಟೆಂಬರ್ 8, ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ. ಚರ್ಚಿನಿಂದ ತಂದ ಆಶೀರ್ವದಿಸಿದ ಹೊಸ ತೆನೆಯಿಂದ ಬಾಪ್ಪು ಒಂದೊಂದೇ ಭತ್ತ ಬಿಡಿಸಿ, ಉಗುರಿನಿಂದ ಸುಲಿದು, ಅಕ್ಕಿಯನ್ನು ಅರೆದು ತೆಂಗಿನಹಾಲಿಗೆ ಬೆರೆಸಿದರು. ಎಂಟು ಜನಕ್ಕೆ ಒಂದೊಂದು ಚಮಚ. ಮಗಳಿಗೂ ಅಳಿಯನಿಗೂ ಕಳಿಸಬೇಕೆಂದು ನಾಲ್ಕು ಕಾಳು ತೆಗೆದಿಟ್ಟಿದ್ದರು, ಲಕೋಟೆ ಸಿಗಲಿಲ್ಲ. ಕಪಾಟು ತಡಕಾಡಿದಾಗ ಅಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಹಿಂದೆ ಒಂದು ಸಿಕ್ಕಿತು. ಒಳಗೆ ಚರ್ಚಿನ ರಾಫಲ್ ಪುಸ್ತಕ, ಮಾರದೆ ಉಳಿದ ಹನ್ನೊಂದು ಟಿಕೆಟ್.

“ನಿನ್ನ ಹೆಸರಲ್ಲಿ ಬರೆಯಲಾ, ಪುತಾ?” ಅಂದರು.