ಅರ್ಧ ಆನೆಯ ಲೆಕ್ಕ

ಯುದ್ಧತಂತ್ರದ ಆಟದಲ್ಲಿ ರೋಮನ್ನರನ್ನೂ ನೆಪೋಲಿಯನ್ನನನ್ನೂ ಸೋಲಿಸಿ ಬೇಸರ ಬಂದಿತ್ತು. ಈ ಸಲ 1520ರ ರಾಯಚೂರು ಕದನವನ್ನು ನಾನೇ ಕಟ್ಟುತ್ತೇನೆಂದು ಕಂಪ್ಯೂಟರಿನ ಮುಂದೆ ಕುಳಿತೆ. ಒಂದು ಕಡೆ ಕೃಷ್ಣದೇವರಾಯ, ಇನ್ನೊಂದು ಕಡೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ. ಕೃಷ್ಣಾ ನದಿಯನ್ನು ಎಳೆಯುವಷ್ಟರಲ್ಲಿ ಅರ್ಧ ಗೆದ್ದೆನೆಂದುಕೊಂಡೆ. ತೊಡಕು ಶುರುವಾದದ್ದು ತಲೆ ಎಣಿಸುವಾಗ.

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಯಾವ ನಾಯಕ ಎಷ್ಟು ದಂಡು ತಂದನೆಂದು ಪಟ್ಟಿ ಕೊಟ್ಟಿದ್ದಾನೆ. ಅದನ್ನು ಕೂಡಿದರೆ ರಾಯನ ಕಡೆಗೇ 7,03,000 ಕಾಲಾಳು, 32,600 ಕುದುರೆ, 551 ಆನೆ! ಕುದುರೆಯ ಲೆಕ್ಕವನ್ನು ನಾನು ನಂಬಿದೆ, ಅದು ಅವನ ಕಸುಬು. ಕಾಲಾಳುಗಳ ವಿಷಯದಲ್ಲಿ ಮಾತ್ರ ಸಂತೆಯ ಉತ್ಸಾಹ ಸ್ವಲ್ಪ ಸೇರಿಕೊಂಡಿರಬೇಕು.

ಆದರೂ ಕಾಮನಾಯಕನ ಮುಂಪಡೆಯನ್ನು ಹೊರಡಿಸಿದೆ: 30,000 ಕಾಲಾಳು, 1,000 ಕುದುರೆ. ಕಂಪ್ಯೂಟರಿನ ಫ್ಯಾನು ರಣಕಹಳೆಯಂತೆ ಕೂಗಿತು, ಪರದೆ ಕಪ್ಪಾಯಿತು. ಹಿಂದೆ ಇನ್ನೂ 6,73,000 ಮಂದಿ ಸರದಿ ಕಾಯುತ್ತಿದ್ದರು.

ಕಂಪ್ಯೂಟರ್ ಕೈಕೊಟ್ಟರೇನು, ಊಟದ ಮೇಜು ಇತ್ತಲ್ಲ. ಸಾವಿರಕ್ಕೊಂದು ಕಾಳು ಎಂದು ನಿಶ್ಚಯಿಸಿದೆ. ಕಾಲಾಳಿಗೆ ತೊಗರಿ ಬೇಳೆ, ಅಶ್ವದಳಕ್ಕೆ ನ್ಯಾಯವಾಗಿ ಹುರುಳಿ, ಆದಿಲ್ ಷಾನ ಫಿರಂಗಿಗಳಿಗೆ ಲವಂಗ. 703 ಬೇಳೆ ಎಣಿಸುವಾಗ ಎರಡು ಸಲ ಫೋನ್ ಬಂತು, ಎರಡು ಸಲವೂ ಒಂದರಿಂದ ಶುರು ಮಾಡಿದೆ. ಕೊನೆಗೆ ಆನೆ. 551ನ್ನು ಸಾವಿರದಿಂದ ಭಾಗಿಸಿದರೆ ಅರ್ಧ ಆನೆ! ವಿಜಯನಗರದ ಗಜದಳವೆಲ್ಲ ಸೇರಿ ಒಂದು ಇಡೀ ಆನೆಯಾಗದೆ ಹೋಯಿತೆಂದು ವ್ಯಥೆಪಟ್ಟು, ಅಡಕತ್ತರಿಯಿಂದ ಗೋಟಡಿಕೆಯನ್ನು ಎರಡು ಹೋಳು ಮಾಡಿ ಒಂದನ್ನು ದಂಡಿನ ನಡುವೆ ನಿಲ್ಲಿಸಿದೆ.

"ಇವರಿಗೆಲ್ಲ ನೀರು ಯಾರು ತರುತ್ತಾರೆ?" ಎಂದಳು ಹೆಂಡತಿ. ಅವತ್ತು ನಲ್ಲಿಯಲ್ಲಿ ನೀರು ಬಂದಿರಲಿಲ್ಲ, ಪ್ರಶ್ನೆಯ ಮೊನೆ ಯಾರ ಕಡೆಗಿತ್ತೆಂದು ಗೊತ್ತಿದ್ದೂ ಪುಸ್ತಕ ತೆರೆದೆ. ಸಿಕ್ಕಿತು! ತೊಗಲು ಚೀಲಗಳಲ್ಲಿ ನೀರು ಹೊತ್ತವರೇ 12,000 ಮಂದಿ, ದಾರಿಯುದ್ದಕ್ಕೂ ಹಂಚಿ ನಿಂತಿದ್ದರಂತೆ. ಅಗಸರಂತೂ ಲೆಕ್ಕಕ್ಕೇ ಸಿಗದಷ್ಟು. ಮೇ ತಿಂಗಳ ರಾಯಚೂರನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯಿಲ್ಲ. ನನ್ನ ಆಟಗಳ ಸೈನಿಕರೋ ತಿಂಗಳುಗಟ್ಟಲೆ ಒಂದು ಗುಟುಕು ಕುಡಿಯದೆ ಹೋರಾಡುತ್ತಾರೆ. ಹನ್ನೆರಡು ಮೆಂತ್ಯದ ಕಾಳುಗಳನ್ನು ಹೆಮ್ಮೆಯಿಂದ ಜೋಡಿಸುತ್ತಿದ್ದಾಗ ಖಾಲಿ ಕ್ಯಾನು ನನ್ನ ಕೈಗೆ ಬಂತು.

ಇಪ್ಪತ್ತು ಲೀಟರ್ ನೀರನ್ನು ಮೂರನೇ ಮಹಡಿಗೆ ಹೊತ್ತು ತರುವಷ್ಟರಲ್ಲಿ ಯುದ್ಧಭೂಮಿ ಬರಿದಾಗಿತ್ತು. ಮೇಜು ಒರೆಸಿದ್ದರು. ಅಮ್ಮ ಎಲೆಗೆ ಸುಣ್ಣ ಹಚ್ಚಿ ಗಜದಳವನ್ನು ಆಗಲೇ ಬಾಯಿಗೆ ಹಾಕಿಕೊಂಡಿದ್ದರು. "ಹೋಳು ಮಾಡಿಟ್ಟಿದ್ದೆಯಲ್ಲ, ನನಗೇ ಇರಬೇಕು ಅಂದುಕೊಂಡೆ" ಎಂದರು. ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು.

ಆದಿಲ್ ಷಾನ ಫಿರಂಗಿಗಳ ಮೊದಲ ಸುತ್ತಿಗೆ ರಾಯನ ಮುಂಪಡೆ ಚದುರಿತ್ತು, ಆಮೇಲೆ ರಾಯನೇ ದಂಡನ್ನು ಹುರಿದುಂಬಿಸಿ ಮುನ್ನುಗ್ಗಿ ಗೆದ್ದ ಎಂದು ಊಟಕ್ಕೆ ಕುಳಿತಾಗ ಮಗಳಿಗೆ ವಿವರಿಸುತ್ತಿದ್ದೆ. ಬೇಳೆ ಹುಳಿ ಚೆನ್ನಾಗಿ ಬೆಂದಿತ್ತು. ಎರಡನೆಯ ತುತ್ತಿಗೆ ಬಿಜಾಪುರದ ಫಿರಂಗಿಯೊಂದು ನನ್ನ ದವಡೆ ಹಲ್ಲಿಗೆ ಸಿಕ್ಕಿತು.