ಉಕ್ಕಿಸಿಲ್ಲ, ಆದರೆ ಹಸಿ ಹಾಲೂ ಅಲ್ಲ

ನಮ್ಮನೆಗೆ ದಿನಾ ಬೆಳಗ್ಗೆ ಎರಡು ಲೀಟರ್ ಹಸುವಿನ ಹಾಲು ಬರುತ್ತದೆ. ಕರೆದು ಅರ್ಧ ಗಂಟೆಯೂ ಆಗಿರುವುದಿಲ್ಲ, ಕ್ಯಾನು ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತದೆ. ಬೆಂಗಳೂರಿನ ಅಂಚಿನಲ್ಲಿ ಇದು ಪುಣ್ಯವೇ ಸರಿ. ಆದರೆ "ಹಾಗೇ ಕುಡಿಯಿರಿ, ಕಾಯಿಸಿದರೆ ಸತ್ವ ಹೋಗುತ್ತದೆ" ಅನ್ನುವವರು ಈಚೆಗೆ ಜಾಸ್ತಿಯಾಗಿದ್ದಾರೆ. ನಾನಂತೂ ಒಪ್ಪುವುದಿಲ್ಲ. ದನಗಳು ಕಂದು ಹಾಕುವಂತೆ (ಗರ್ಭಪಾತವಾಗುವಂತೆ) ಮಾಡುವ ಬ್ರುಸೆಲ್ಲೋಸಿಸ್, ದನಗಳ ಕ್ಷಯ, ಎರಡೂ ಹಸಿ ಹಾಲಿನ ಮೂಲಕ ನಮಗೆ ದಾಟಬಲ್ಲವು. ಹಸು ನೋಡಲು ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇರಬಹುದು.

ಹಾಗಂತ ಉಕ್ಕಿಸಲೇಬೇಕು ಅಂತಿಲ್ಲ. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟರೆ ಸಾಕು, ಇಂಥ ರೋಗದ ಕ್ರಿಮಿಗಳು ಸಾಯುತ್ತವೆ. ಇದಕ್ಕೇ ಪಾಶ್ಚರೀಕರಣ ಅನ್ನುವುದು. ಡೈರಿಯಲ್ಲಿ 72 ಡಿಗ್ರಿಗೆ 15 ಸೆಕೆಂಡಿನಲ್ಲಿ ಮುಗಿಸುತ್ತಾರೆ, ಅದು ಯಂತ್ರದ ಕೆಲಸ. ಮನೆಗೆ ನಿಧಾನದ ದಾರಿಯೇ ವಾಸಿ.

ಮೊದಲ ದಿನ ಪಾತ್ರೆಯನ್ನು ನೇರ ಉರಿಯ ಮೇಲಿಟ್ಟೆ. ತಳ ಹಿಡಿಯಿತು, ಮೇಲೆ ನೋಡಿದರೆ 55 ಡಿಗ್ರಿ! ಈಗ ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಹಾಲಿನ ಪಾತ್ರೆ. ಸಣ್ಣ ಉರಿ. ಆಗಾಗ ತಿರುವುತ್ತೇನೆ, ಮಿಕ್ಕ ಹೊತ್ತು ಮುಚ್ಚಳ. ಇಲ್ಲದಿದ್ದರೆ ಮೇಲಿನ ನೊರೆ ಬೇಗ ಆರುತ್ತದೆ. ಅದಕ್ಕೇ ನಾನು 65ರಲ್ಲೇ ಇಡುತ್ತೇನೆ. ನಡುವೆ 63ಕ್ಕಿಂತ ಇಳಿದರೆ ಲೆಕ್ಕ ಮತ್ತೆ ಒಂದರಿಂದ. ಆಮೇಲೆ ಸಿಂಕಿನಲ್ಲಿ ಐಸ್ ನೀರು ತುಂಬಿ ಪಾತ್ರೆ ಇಳಿಸಿ, ತಣ್ಣಗಾದ ಕೂಡಲೇ ಫ್ರಿಡ್ಜಿಗೆ. ಈ ಬಿಸಿಗೆ ಎಲ್ಲ ಕ್ರಿಮಿಗಳೂ ಸಾಯುವುದಿಲ್ಲ. ಉಗುರುಬೆಚ್ಚಗೆ ಬಿಟ್ಟರೆ ಉಳಿದವಕ್ಕೆ ಹಬ್ಬ.

ಬೆರಳು ಅದ್ದಿ ನೋಡುವ ಅಂದಾಜು ಇಲ್ಲಿ ನಡೆಯುವುದಿಲ್ಲ. ಥರ್ಮಾಮೀಟರ್ ಇಲ್ಲವೇ? ಸುಮ್ನೆ ಉಕ್ಕಿಸಿಬಿಡಿ, ಅದರಲ್ಲಿ ತಪ್ಪೇನಿಲ್ಲ. ನನ್ನ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಪರೀಕ್ಷೆ ಮಾಡಿದಾಗ 97 ತೋರಿಸಿತು. ಕೆಟ್ಟ ಮಾಲು ಅಂತ ವಾಪಸ್ ಕಳಿಸಲು ಹೊರಟಿದ್ದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆಯಲ್ವಾ, ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ! ಪ್ಯಾಕೆಟ್ ಹಾಲಿಗೆ ಈ ಕಸರತ್ತು ಬೇಡ, ಅದು ಡೈರಿಯಲ್ಲೇ ಪಾಶ್ಚರೀಕರಣವಾಗಿ ಬಂದಿರುತ್ತದೆ.

ರುಚಿ? ಕಾಯಿಸಿದ ಹಾಲಿನ ವಾಸನೆ ಇಲ್ಲ, ಕುಡಿದರೆ ಹಗುರ. ಸೋಲುವುದು ಮೊಸರಿನಲ್ಲಿ. ಉಕ್ಕಿಸಿದ ಹಾಲಿಗೆ ಹೆಪ್ಪು ಹಾಕಿದರೆ ಗಡ್ಡೆ ಮೊಸರು, ಇದರಲ್ಲಿ ತೆಳ್ಳಗೆ. ಚೆನ್ನಾಗಿ ಕಾದಾಗ ಮಾತ್ರ ಹಾಲಿನ ತಿಳಿಯಲ್ಲಿರುವ ಪ್ರೋಟೀನೂ ಮೊಸರಿಗೆ ಸೇರಿಕೊಳ್ಳುತ್ತದೆ. ಹೀಗಾಗಿ ಒಂದು ಲೀಟರ್ ನನ್ನದು, ಇನ್ನೊಂದು ಅಮ್ಮನ ಮೊಸರಿಗೆ. ಕೆನೆ ಕಟ್ಟದ ಹಾಲನ್ನು ಅಮ್ಮ ನಂಬುವುದೂ ಇಲ್ಲ. ಮೊನ್ನೆ ಕಾಫಿಗೆ ಅಂತ ನನ್ನ ಬಾಟಲಿ ತೆಗೆದುಕೊಂಡು, ನಾನು ಆಚೆ ಹೋಗುವುದನ್ನೇ ಕಾದು, ಒಮ್ಮೆ ಚೆನ್ನಾಗಿ ಉಕ್ಕಿಸಿದ್ದಾರೆ.