ರಿಟ್ ಹಾಕೂ ಕೇಳ್ಬಹುದಲ್ಲ ಸಾರ್
ನಿಮ್ಮ ಲೇಖನದಲ್ಲಿ ಅಕ್ರಮ ಬಂಧನಕ್ಕೆ ಪರಿಹಾರ ಬೇಕಂದ್ರೆ ಸಿವಿಲ್ ದಾವೆ ಒಂದೇ ದಾರಿ ಅಂತ ಬರ್ದಿದೀರಲ್ಲ, ಹಂಗೇನಿಲ್ಲ ಸಾರ್, ಹೈಕೋರ್ಟಲ್ಲಿ ರಿಟ್ (ಹಕ್ಕಿಗೆ ಧಕ್ಕೆ ಆದಾಗ ನೇರ ಹಾಕೋ ಅರ್ಜಿ) ಹಾಕೂ ಕೇಳ್ಬಹುದು. ರುದುಲ್ ಸಾಹ್ ಕೇಸ್ ನೋಡಿ, 1968ರಲ್ಲಿ ಖುಲಾಸೆ ಆದೋನ್ನ ಬಿಹಾರದ ಜೈಲಲ್ಲಿ 1982ರ ತನಕ ಕೊಳೆ ಹಾಕಿದ್ರು, 1983ರಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು ಒಟ್ಟು 35 ಸಾವಿರ (14 ವರ್ಷಕ್ಕೆ!), ಪೂರ್ತಿ ಬೇಕಂದ್ರೆ ದಾವೆ ಹಾಕ್ಕೋಬಹುದು ಅಂದ್ರು. ನಮ್ ಮಲೆನಾಡ್ ಕಡೆ ಕಥೆನೇ ಬೇರೆ, ಅಂಗಳದಲ್ಲಿ ಒಣಗಾಕಿದ್ದ ಅಡಿಕೆ ಕಳುವಾದ್ರೆ ಸಾಕು ಅಡಿಕೆ ಗೊನೆ ತೆಗೆಯೋಕೆ ಬಂದಿದ್ದ ಹುಡುಗ್ರನ್ನ ಪೊಲೀಸ್ರು ವಿಚಾರಣೆ ಅಂತ ಸ್ಟೇಷನ್ನಿಗೆ ಕರ್ಕೊಂಡೋಗಿ ರಾತ್ರಿಯಿಡೀ ಬೆಂಚ್ ಮೇಲೆ ಕೂರಿಸ್ತಾರೆ, ಅರೆಸ್ಟ್ ಅಂತ ಎಲ್ಲೂ ಬರೆಯಲ್ಲ, ಆಮೇಲೆ ಅರೆಸ್ಟಾದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸ್ಬೇಕು ಅನ್ನೋ ಲೆಕ್ಕ ಯಾವಾಗಿಂದ ಹಾಕ್ತೀರಾ? ರಿಟ್ ಹಾಕೋಕೆ ಕೂಲಿ ಬಿಟ್ಟು ಬೆಂಗಳೂರಿಗೆ ಓಡಾಡೋರು ಯಾರು. ಬಂಧನದಲ್ಲಿರೋರಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರು ಫ್ರೀಯಾಗಿ ಸಿಗ್ತಾರೆ, ಅದನ್ನ ಒಂದ್ ಸಾಲಾದ್ರೂ ಬರೀಬೇಕಿತ್ತು ನೀವು.